ತಪ್ಪು ಉತ್ತರವನ್ನು ಓದುವ ಪರೀಕ್ಷೆ

ಎಂಟನೇ ತರಗತಿಗೆ ಒಂದು ಪ್ರಶ್ನೆ ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಸಮಾಂತರ ಚತುರ್ಭುಜವೊಂದರ ಚಿತ್ರವಿದೆ. ಪಾದ 8 ಸೆಂ.ಮೀ., ಪಕ್ಕದ ಬಾಹು 5 ಸೆಂ.ಮೀ., ಎತ್ತರ 4 ಸೆಂ.ಮೀ. ವಿಸ್ತೀರ್ಣ ಎಷ್ಟು? ಒಬ್ಬ ಹುಡುಗ 40 ಎಂದು ಬರೆದ. ಪಕ್ಕದ ಹುಡುಗಿ 26 ಎಂದು ಬರೆದಳು. ಹಿಂದಿನ ಬೆಂಚಿನಿಂದ ಬಂದ ಉತ್ತರ 16, ಕೊನೆಯ ಬೆಂಚಿನದು 160. ಸರಿಯುತ್ತರ 32. ಕೆಂಪು ಶಾಯಿಯ ಪೆನ್ನು ನಾಲ್ವರಿಗೂ ಸೊನ್ನೆ ಹಾಕಿ ಮುಂದಿನ ಉತ್ತರಪತ್ರಿಕೆಗೆ ಹೋಗುತ್ತದೆ.

ಅಂಕಪಟ್ಟಿಯ ಲೆಕ್ಕದಲ್ಲಿ ಈ ನಾಲ್ವರೂ ಒಂದೇ. ಪಾಠದ ಲೆಕ್ಕದಲ್ಲಿ ನಾಲ್ವರೂ ಬೇರೆ ಬೇರೆ. 40 ಬರೆದವನು ಆಯತದ ಸೂತ್ರವನ್ನು ಓರೆಯಾದ ಆಕೃತಿಗೂ ಹಚ್ಚಿದ್ದಾನೆ. ಪಕ್ಕದ ಬಾಹುವೇ ಎತ್ತರ ಎಂಬುದು ಅವನ ತಿಳಿವಳಿಕೆ. 26 ಬರೆದವಳ ಕೂಡುವ ಲೆಕ್ಕದಲ್ಲಿ ಒಂದಿಷ್ಟೂ ತಪ್ಪಿಲ್ಲ, ಆದರೆ ಅವಳು ಕಂಡುಹಿಡಿದದ್ದು ಸುತ್ತಳತೆ. 16 ಬರೆದ ಮಗುವಿಗೆ ಎತ್ತರ ಯಾವುದೆಂದು ಚೆನ್ನಾಗಿ ಗೊತ್ತು. ತ್ರಿಭುಜದ ಸೂತ್ರದಲ್ಲಿರುವ ಅರ್ಧ ಇಲ್ಲಿಗೂ ಬಂದುಬಿಟ್ಟಿದೆ, ಅಷ್ಟೆ. 160 ಬರೆದ ಮಗು ಕಣ್ಣಿಗೆ ಬಿದ್ದ ಮೂರೂ ಸಂಖ್ಯೆಗಳನ್ನು ಗುಣಿಸಿದೆ. ವಿಸ್ತೀರ್ಣ ಎಂದರೇನು ಎಂಬಲ್ಲಿಂದಲೇ ಆ ಮಗುವಿಗೆ ಪಾಠ ಶುರುವಾಗಬೇಕು. ಈ ನಾಲ್ವರನ್ನೂ ಒಟ್ಟಿಗೆ ಕೂರಿಸಿ ‘ಪಾದ ಗುಣಿಸು ಎತ್ತರ’ ಎಂದು ಹತ್ತು ಸಲ ಬರೆಸಿದರೆ ಅದರಿಂದ ಹೆಚ್ಚು ಪ್ರಯೋಜನ ಆಗುವುದು ಒಬ್ಬರಿಗೋ ಇಬ್ಬರಿಗೋ ಮಾತ್ರ.

ತಪ್ಪು ಯಾವುದು, ಅದು ಎಲ್ಲಿಂದ ಬಂತು ಎಂದು ಪತ್ತೆ ಹಚ್ಚಲೆಂದೇ ರೂಪಿಸುವ ಪರೀಕ್ಷೆಗೆ ನೈದಾನಿಕ ಪರೀಕ್ಷೆ ಎನ್ನುತ್ತಾರೆ. ಡಿ.ಇಡಿ., ಬಿ.ಇಡಿ. ಮಾಡಿದ ಎಲ್ಲರೂ ಇದರ ಬಗ್ಗೆ ಓದಿಯೇ ಬಂದಿರುತ್ತಾರೆ. ಕರ್ನಾಟಕದ ಶಾಲೆಗಳಿಗಂತೂ ಇದು ಹೊಸದಲ್ಲ. ಶೈಕ್ಷಣಿಕ ವರ್ಷದ ಆರಂಭದಲ್ಲಿ ನಡೆಯುವ ಸೇತುಬಂಧ ಕಾರ್ಯಕ್ರಮದ ವಿನ್ಯಾಸವೇ ಹಾಗಿದೆ: ಮೊದಲು ನೈದಾನಿಕ ಪರೀಕ್ಷೆ, ಅದರ ಆಧಾರದ ಮೇಲೆ ಪರಿಹಾರ ಬೋಧನೆ, ಕೊನೆಗೆ ಸಾಫಲ್ಯ ಪರೀಕ್ಷೆ. ಯೋಚನೆ ಬಹಳ ಒಳ್ಳೆಯದು. ಆದರೆ ಹಿಂದಿನ ತರಗತಿಯ ಪಾಠದಿಂದ ಒಂದಷ್ಟು ಪ್ರಶ್ನೆ ಆರಿಸಿ, ಸರಿ–ತಪ್ಪು ಹಾಕಿ, ಮೊತ್ತ ಕೂಡಿಸಿದ ಮಾತ್ರಕ್ಕೆ ಅದು ನೈದಾನಿಕ ಪರೀಕ್ಷೆ ಆಗುವುದಿಲ್ಲ. ಮಗುವಿಗೆ ಹತ್ತಕ್ಕೆ ಮೂರು ಬಂತು ಎಂಬ ಮಾಹಿತಿಯಿಂದ ಮರುದಿನ ಬೆಳಿಗ್ಗೆ ಏನು ಪಾಠ ಮಾಡಬೇಕು ಎಂಬುದು ತಿಳಿಯುವುದಿಲ್ಲ. ಅದನ್ನು ತಿಳಿಸಬೇಕಾದರೆ ಪ್ರಶ್ನೆ ಬರೆಯುವ ರೀತಿಯೇ ಬೇರೆಯಾಗಬೇಕು.

ರೇಖಾಗಣಿತದಲ್ಲಿ ಇದರ ಅಗತ್ಯ ಉಳಿದೆಡೆಗಿಂತ ಹೆಚ್ಚು. ಅಂಕಗಣಿತದಲ್ಲಿ ಮಗುವಿನ ಕೆಲಸ ಹಂತ ಹಂತವಾಗಿ ಹಾಳೆಯ ಮೇಲೆ ಕಾಣುತ್ತದೆ. ದಶಕ ತೆಗೆದುಕೊಳ್ಳುವುದನ್ನು ಮರೆತದ್ದು, ಸ್ಥಾನ ತಪ್ಪಿಸಿ ಬರೆದದ್ದು ಅಲ್ಲೇ ಸಿಕ್ಕಿಬೀಳುತ್ತದೆ. ರೇಖಾಗಣಿತದಲ್ಲಿ ಎರಡು ಸಂಗತಿಗಳು ಒಟ್ಟಿಗೆ ಸಾಗಬೇಕು: ಕಣ್ಣೆದುರಿನ ಚಿತ್ರ ಮತ್ತು ಮಾತಿನಲ್ಲಿರುವ ವ್ಯಾಖ್ಯೆ. ವ್ಯಾಖ್ಯೆಯನ್ನು ಅಕ್ಷರ ತಪ್ಪದೆ ಒಪ್ಪಿಸುವ ಮಗು ಚಿತ್ರ ನೋಡಿದಾಕ್ಷಣ ಬೇರೆಯದೇ ತೀರ್ಮಾನಕ್ಕೆ ಬರುತ್ತದೆ. ಚೌಕವನ್ನು ಸ್ವಲ್ಪ ತಿರುಗಿಸಿ ಒಂದು ಮೂಲೆಯ ಮೇಲೆ ನಿಲ್ಲಿಸಿ ಬರೆದರೆ ಸಾಕು, ಅದು ಚೌಕವಲ್ಲ, ವಜ್ರಾಕೃತಿ ಎನ್ನುವವರು ಪ್ರೌಢಶಾಲೆಯಲ್ಲೂ ಇದ್ದಾರೆ. ಅದೇ ಮಕ್ಕಳನ್ನು ಚೌಕ ಎಂದರೇನು ಎಂದು ಕೇಳಿದರೆ ನಾಲ್ಕೂ ಬಾಹುಗಳು ಸಮ, ನಾಲ್ಕೂ ಕೋನಗಳು ಲಂಬ ಎಂದು ತಡವರಿಸದೆ ಹೇಳುತ್ತಾರೆ.

ಈ ಒಗಟಿನ ಮೇಲೆ ಮೊದಲು ಗಟ್ಟಿಯಾಗಿ ಕೆಲಸ ಮಾಡಿದವರು ನೆದರ್‌ಲೆಂಡ್ಸ್‌ನ ಶಾಲಾ ಶಿಕ್ಷಕ ದಂಪತಿ ಪಿಯರ್ ವಾನ್ ಹೀಲೆ ಮತ್ತು ದೀನಾ ವಾನ್ ಹೀಲೆ-ಹೆಲ್ಡಾಫ್. ಎಷ್ಟು ಸಲ, ಎಷ್ಟು ಬಗೆಯಲ್ಲಿ ವಿವರಿಸಿದರೂ ಮಕ್ಕಳಿಗೆ ಕೆಲವು ವಿಷಯ ತಲೆಗೆ ಹೋಗುವುದೇ ಇಲ್ಲವಲ್ಲ, ಯಾಕೆ ಎಂಬುದು ಅವರನ್ನು ಕಾಡಿದ ಪ್ರಶ್ನೆ. 1957ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಇಬ್ಬರೂ ತಮ್ಮ ತಮ್ಮ ಡಾಕ್ಟರೇಟ್ ಪ್ರಬಂಧಗಳನ್ನು ಸಲ್ಲಿಸಿದರು. ಆಮೇಲೆ ಹೆಚ್ಚು ಕಾಲ ದೀನಾ ಬದುಕಲಿಲ್ಲ. ವಿಚಾರವನ್ನು ಮುಂದಕ್ಕೆ ಕೊಂಡೊಯ್ದವರು ಪಿಯರ್.

ರೇಖಾಗಣಿತದ ಯೋಚನೆ ಮೆಟ್ಟಿಲು ಮೆಟ್ಟಿಲಾಗಿ ಬೆಳೆಯುತ್ತದೆ ಎಂಬುದು ಅವರ ವಾದ. ಮೊದಲ ಮಟ್ಟದಲ್ಲಿ ಮಗು ಆಕೃತಿಯನ್ನು ಒಟ್ಟಾಗಿ ನೋಡುತ್ತದೆ: ‘ಇದು ಆಯತ, ಬಾಗಿಲಿನ ಥರ ಇದೆ.’ ಎರಡನೆಯದರಲ್ಲಿ ಗುಣಗಳು ಕಾಣತೊಡಗುತ್ತವೆ: ಎದುರು ಬಾಹುಗಳು ಸಮ, ಕೋನಗಳು ಲಂಬ, ಕರ್ಣಗಳು ಸಮ. ಆದರೆ ಆ ಗುಣಗಳು ಒಂದರ ಪಕ್ಕ ಒಂದು ಸುಮ್ಮನೆ ನಿಂತಿರುತ್ತವೆ. ಒಂದರಿಂದ ಇನ್ನೊಂದು ಹುಟ್ಟುತ್ತದೆ ಎಂಬ ಅರಿವು ಇರುವುದಿಲ್ಲ. ಮೂರನೆಯ ಮಟ್ಟದಲ್ಲಿ ಆ ನಂಟು ಹೊಳೆಯುತ್ತದೆ. ಪ್ರತಿ ಚೌಕವೂ ಆಯತವೇ ಏಕೆ ಎಂಬುದು ಅರ್ಥವಾಗುವುದು ಇಲ್ಲಿ. ನಾಲ್ಕನೆಯದು ಸಾಧನೆಯ ಮಟ್ಟ. ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಪ್ರಮೇಯ ಬರೆಯುವುದಕ್ಕೆ ಇಲ್ಲಿ ಮಾತ್ರ ಅರ್ಥವಿದೆ. ಐದನೆಯದು ಬೇರೆ ಬೇರೆ ಸ್ವಯಂಸಿದ್ಧಗಳ ಮೇಲೆ ಕಟ್ಟಿದ ರೇಖಾಗಣಿತಗಳನ್ನೇ ಹೋಲಿಸಿ ನೋಡುವ ಮಟ್ಟ. ಶಾಲೆಗೆ ಅದರ ಗೊಡವೆ ಇಲ್ಲ.

ಮಟ್ಟಗಳ ಪಟ್ಟಿಗಿಂತ ಮುಖ್ಯವಾದ ಇನ್ನೊಂದು ಮಾತನ್ನು ವಾನ್ ಹೀಲೆ ದಂಪತಿ ಹೇಳಿದರು. ಶಿಕ್ಷಕರು ನಾಲ್ಕನೆಯ ಮಟ್ಟದಲ್ಲಿ ನಿಂತು ಮಾತಾಡುತ್ತಿದ್ದು, ಮಗು ಎರಡನೆಯದರಲ್ಲಿದ್ದರೆ, ಇಬ್ಬರೂ ಅದೇ ಪದಗಳನ್ನು ಬಳಸುತ್ತಿದ್ದರೂ ಒಬ್ಬರ ಮಾತು ಇನ್ನೊಬ್ಬರಿಗೆ ತಲುಪುವುದಿಲ್ಲ. ಆಗ ಮಗುವಿಗೆ ಉಳಿಯುವ ದಾರಿ ಒಂದೇ, ಬಾಯಿಪಾಠ.

ಈ ವಿಚಾರವನ್ನು ಸೋವಿಯತ್ ಒಕ್ಕೂಟದ ಶಿಕ್ಷಣತಜ್ಞರು 1960ರ ದಶಕದಲ್ಲೇ ತಮ್ಮ ಪಠ್ಯಕ್ರಮಕ್ಕೆ ಬಳಸಿಕೊಂಡರು. ಅಮೆರಿಕಕ್ಕೆ ಅದು ತಲುಪಿದ್ದು 1970ರ ದಶಕದಲ್ಲಿ, ಷಿಕಾಗೊದ ಐಸಾಕ್ ವಿರ್ಜಪ್ ಅವರ ಮೂಲಕ. ಅದೇ ಷಿಕಾಗೊ ವಿಶ್ವವಿದ್ಯಾಲಯದ ಜಲ್ಮನ್ ಉಸಿಸ್ಕಿನ್ ಈ ಮಟ್ಟಗಳನ್ನು ಅಳೆಯುವ ಲಿಖಿತ ಪರೀಕ್ಷೆಯೊಂದನ್ನು ರೂಪಿಸಿದ ಯೋಜನೆಯ ವರದಿಯನ್ನು 1982ರಲ್ಲಿ ಹೊರತಂದರು. ಒಟ್ಟು 25 ಪ್ರಶ್ನೆ, ಮಟ್ಟಕ್ಕೆ ಐದರಂತೆ. ಪ್ರತಿ ಪ್ರಶ್ನೆಗೆ ಐದು ಆಯ್ಕೆ. ಸಮಯ 35 ನಿಮಿಷ. ಸುಮಾರು 2,700 ಪ್ರೌಢಶಾಲಾ ವಿದ್ಯಾರ್ಥಿಗಳು ಇದರಲ್ಲಿ ಪಾಲ್ಗೊಂಡಿದ್ದರು. ಇಂದಿಗೂ ಜಗತ್ತಿನ ಹಲವೆಡೆ ಸಂಶೋಧಕರು ಬಳಸುವ ಪರೀಕ್ಷೆ ಇದು. ಅದೇ ಯೋಜನೆಯಲ್ಲಿ ಶರನ್ ಸೆಂಕ್ ಮಕ್ಕಳ ಸಾಧನೆ ಬರೆಯುವ ಶಕ್ತಿಯನ್ನು ಪರಿಶೀಲಿಸಿದರು. ಪ್ರಮೇಯಗಳನ್ನು ಕಲಿಸುವ ಇಡೀ ವರ್ಷದ ಕೋರ್ಸ್ ಮುಗಿಸಿದವರಲ್ಲೂ ಆ ಕೌಶಲದಲ್ಲಿ ಶೇ 75ರಷ್ಟು ಹಿಡಿತ ಸಾಧಿಸಿದವರು ಸುಮಾರು ಶೇ 30 ಮಾತ್ರ ಎಂದು 1985ರಲ್ಲಿ ಅವರು ಪ್ರಕಟಿಸಿದರು.

ಉಸಿಸ್ಕಿನ್ ಪರೀಕ್ಷೆಯಿಂದ ಪ್ರಶ್ನೆ ರೂಪಿಸುವವರು ಕಲಿಯಬೇಕಾದ ಒಂದು ಲೆಕ್ಕವಿದೆ. ಒಂದು ಮಟ್ಟ ದಾಟಿದ್ದಾರೆ ಎನ್ನಲು ಐದರಲ್ಲಿ ಮೂರು ಸರಿಯಾದರೆ ಸಾಕೇ, ನಾಲ್ಕು ಬೇಕೇ? ಏನೂ ತಿಳಿಯದೆ ಕಣ್ಣುಮುಚ್ಚಿ ಗುರುತು ಹಾಕಿದವರಿಗೂ ಐದರಲ್ಲಿ ಮೂರು ಅಥವಾ ಹೆಚ್ಚು ಸರಿಯಾಗುವ ಸಾಧ್ಯತೆ ಸುಮಾರು ಶೇ 6. ನಾಲ್ಕು ಅಥವಾ ಹೆಚ್ಚು ಸರಿಯಾಗುವ ಸಾಧ್ಯತೆ ಶೇ 1ಕ್ಕಿಂತ ಕಡಿಮೆ. ಕಟ್ಟುನಿಟ್ಟು ಮಾಡಿದರೆ ಊಹೆಯಿಂದ ಪಾರಾಗುವವರು ತೀರಾ ಕಡಿಮೆ. ಆದರೆ ನಿಜವಾಗಿ ತಿಳಿದ ಮಗು ಎರಡು ಕಡೆ ಕೈತಪ್ಪಿ ಕೆಳಮಟ್ಟಕ್ಕೆ ಬೀಳಬಹುದು. ಐದೇ ಪ್ರಶ್ನೆಗಳ ಬಲದ ಮೇಲೆ ಒಂದು ಮಗುವಿನ ಮಟ್ಟ ತೀರ್ಮಾನಿಸುವುದು ಎಷ್ಟು ಸರಿ ಎಂದು ಆಮೇಲಿನ ಸಂಶೋಧಕರು ಪ್ರಶ್ನಿಸಿದ್ದಾರೆ. ಆ ತಕರಾರು ನ್ಯಾಯವಾದದ್ದೇ. ಇಡೀ ತರಗತಿಯ ಸ್ಥಿತಿ ತಿಳಿಯಲು ಈ ಪರೀಕ್ಷೆ ಚೆನ್ನಾಗಿದೆ. ಒಂದೊಂದು ಮಗುವಿನ ತೊಡಕು ಹುಡುಕಲು ಇನ್ನೂ ಸೂಕ್ಷ್ಮವಾದದ್ದು ಬೇಕು.

ಆ ಸೂಕ್ಷ್ಮಕ್ಕೆ ದಾರಿ ಮಾಡಿಕೊಟ್ಟವರಲ್ಲಿ ಇಸ್ರೇಲ್‌ನ ರೀನಾ ಹರ್ಷ್‌ಕೊವಿಟ್ಜ್ ಮತ್ತು ಶ್ಲೊಮೊ ವಿನ್ನರ್ ಪ್ರಮುಖರು. ಮಗುವಿನ ತಲೆಯಲ್ಲಿ ವ್ಯಾಖ್ಯೆಯ ಜೊತೆಗೆ, ಎಷ್ಟೋ ಸಲ ವ್ಯಾಖ್ಯೆಗಿಂತ ಬಲವಾಗಿ, ಒಂದು ಮನಶ್ಚಿತ್ರ ಕುಳಿತಿರುತ್ತದೆ ಎಂದು ಅವರು ತೋರಿಸಿದರು. ಲಂಬಕೋನ ತ್ರಿಭುಜ ಎಂದರೆ ಒಂದು ಬಾಹು ನೆಲಕ್ಕೆ ಸಮನಾಗಿ ಮಲಗಿರಬೇಕು, ಇನ್ನೊಂದು ನೆಟ್ಟಗೆ ನಿಂತಿರಬೇಕು. ಪುಸ್ತಕದಲ್ಲೂ ಕರಿಹಲಗೆಯಲ್ಲೂ ಮತ್ತೆ ಮತ್ತೆ ಹಾಗೇ ಬರೆಯುವುದರಿಂದ ಆ ಚಿತ್ರವೇ ಗಟ್ಟಿಯಾಗುತ್ತದೆ. ವಿಕರ್ಣ ಕೆಳಗಿದ್ದು ಲಂಬಕೋನ ನೆತ್ತಿಯ ಮೇಲಿರುವಂತೆ ಅದೇ ತ್ರಿಭುಜ ಬರೆದರೆ ಬಹಳ ಮಕ್ಕಳು ಗುರುತಿಸುವುದಿಲ್ಲ.

ತ್ರಿಭುಜದ ಎತ್ತರದ್ದು ಇನ್ನೂ ದೊಡ್ಡ ಕಥೆ. ABC ತ್ರಿಭುಜದಲ್ಲಿ B ವಿಶಾಲಕೋನವಾಗಿದ್ದರೆ, A ಶೃಂಗದಿಂದ BC ಬಾಹುವಿಗೆ ಎಳೆಯುವ ಎತ್ತರ ತ್ರಿಭುಜದ ಹೊರಗೆ ಬೀಳುತ್ತದೆ. CB ರೇಖೆಯನ್ನು B ಆಚೆಗೆ ಬೆಳೆಸಿಕೊಳ್ಳಬೇಕು. ‘ಎತ್ತರ ಎಳೆಯಿರಿ’ ಎಂಬ ಈ ಒಂದೇ ಪ್ರಶ್ನೆಗೆ ಮಕ್ಕಳು ಎಳೆಯುವ ರೇಖೆಗಳನ್ನು ಒಂದು ಕಡೆ ಜೋಡಿಸಿಟ್ಟು ನೋಡಬೇಕು. ಕೆಲವರು BC ಬಾಹುವಿನ ಮಧ್ಯಬಿಂದುವಿಗೆ ಎಳೆಯುತ್ತಾರೆ; ಮಧ್ಯರೇಖೆಯೂ ಎತ್ತರವೂ ಅವರಿಗೆ ಒಂದೇ. ಕೆಲವರು BC ಮೇಲೆಲ್ಲೋ ಒಂದು ಕಡೆ ಓರೆಯಾಗಿ ತಂದು ಮುಟ್ಟಿಸಿ, ಅಲ್ಲೊಂದು ಲಂಬಕೋನದ ಗುರುತು ಹಾಕಿಬಿಡುತ್ತಾರೆ. ಎತ್ತರ ಒಳಗೇ ಇರಬೇಕೆಂಬ ಹಟ ಎಷ್ಟಿದೆ ಎಂದರೆ ಕಣ್ಣಿಗೆ ಕಾಣುವ ಓರೆ ಕೂಡ ಅಡ್ಡ ಬರುವುದಿಲ್ಲ. ಇನ್ನು ಕೆಲವರು AB ಬಾಹುವನ್ನೇ ದಪ್ಪಗೆ ತಿದ್ದಿ ಇದೇ ಎತ್ತರ ಎನ್ನುತ್ತಾರೆ. ಮೂರೂ ತಪ್ಪೇ, ಆದರೆ ಮೂರಕ್ಕೂ ಮದ್ದು ಬೇರೆ. ಹರ್ಷ್‌ಕೊವಿಟ್ಜ್ ಮತ್ತು ವಿನ್ನರ್ ಇದೇ ಬಗೆಯ ಪ್ರಶ್ನೆಗಳನ್ನು ಶಿಕ್ಷಕರಿಗೂ ಕೊಟ್ಟು ನೋಡಿದರು. ಮಕ್ಕಳಲ್ಲಿ ಕಂಡ ತಪ್ಪುಗಳ ಮಾದರಿಯೇ ಅಲ್ಲೂ ಕಾಣಿಸಿತು. ಇದರಿಂದ ಯಾರೂ ಮುಜುಗರ ಪಡಬೇಕಿಲ್ಲ. ಶಿಕ್ಷಕರೂ ಅದೇ ಪುಸ್ತಕಗಳ ಅದೇ ಚಿತ್ರಗಳನ್ನು ನೋಡಿ ಬೆಳೆದವರು. ಪ್ರಶ್ನೆಪತ್ರಿಕೆ ತಯಾರಿಸಿದ ಮೇಲೆ ಸಹೋದ್ಯೋಗಿಗಳೆಲ್ಲ ಕೂತು ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯ ರೂಢಿ.

ಹಾಗಾದರೆ ಪ್ರಶ್ನೆ ರೂಪಿಸುವುದು ಹೇಗೆ? ಮೊದಲ ಎಚ್ಚರ ಸಂಖ್ಯೆಗಳದ್ದು. ಆಯತದ ಉದ್ದ 6, ಅಗಲ 3 ಎಂದು ಕೊಟ್ಟು ವಿಸ್ತೀರ್ಣ ಕೇಳಿದರೆ ಉತ್ತರ 18. ಸುತ್ತಳತೆಯೂ 18. ವಿಸ್ತೀರ್ಣ ಕೇಳಿದಾಗ ಸುತ್ತಳತೆ ಕಂಡುಹಿಡಿಯುವ ಮಗು ಇಲ್ಲಿ ಪೂರ್ಣ ಅಂಕ ಪಡೆದು ಹೋಗುತ್ತದೆ. 4 ಸೆಂ.ಮೀ. ಬಾಹುವಿನ ಚೌಕದಲ್ಲೂ ಇದೇ ಗತಿ: ಅದೂ 16, ಇದೂ 16. ಪೂರ್ಣಸಂಖ್ಯೆಯ ಅಳತೆಗಳಲ್ಲಿ ಹೀಗಾಗುವುದು ಈ ಎರಡು ಆಕೃತಿಗಳಲ್ಲಿ ಮಾತ್ರ. ಸಣ್ಣ, ಸುಲಭದ ಸಂಖ್ಯೆ ಕೊಡೋಣ ಎಂದು ಹೊರಟವರ ಕೈಗೆ ಮೊದಲು ಸಿಗುವುದೂ ಇವೇ. ಪ್ರತಿ ತಪ್ಪು ದಾರಿಯೂ ಬೇರೆ ಬೇರೆ ಉತ್ತರಕ್ಕೆ ಹೋಗುವಂಥ ಸಂಖ್ಯೆಗಳನ್ನು ಹುಡುಕಿಯೇ ಪ್ರಶ್ನೆ ಬರೆಯಬೇಕು. ಆರಂಭದ 8, 5, 4ರಲ್ಲಿ 32, 40, 26, 16, 160 ಎಲ್ಲವೂ ಬೇರೆಯಾಗಿರುವುದು ಹಾಗೆ ಆರಿಸಿದ್ದರಿಂದಲೇ.

ಪೈಥಾಗೊರಸ್ ಪ್ರಮೇಯದ ಲೆಕ್ಕಗಳಲ್ಲೂ ಇದೇ ಮಾತು. ಲಂಬಕೋನದ ಎರಡೂ ಬಾಹು ಕೊಟ್ಟು ವಿಕರ್ಣ ಕೇಳುತ್ತಲೇ ಇದ್ದರೆ, ‘ಎರಡರ ವರ್ಗ ಕೂಡಿಸು, ಮೂಲ ತೆಗೆ’ ಎಂದಷ್ಟೇ ತಿಳಿದ ಮಗುವಿಗೆ ಎಲ್ಲವೂ ಸರಿಯಾಗುತ್ತದೆ. ವಿಕರ್ಣ 10, ಒಂದು ಬಾಹು 6 ಎಂದು ಕೊಟ್ಟರೆ ಗುಟ್ಟು ರಟ್ಟಾಗುತ್ತದೆ. ಸರಿಯಾಗಿ ತಿಳಿದವರು 8 ಎನ್ನುತ್ತಾರೆ. ಸೂತ್ರವನ್ನಷ್ಟೇ ತಿಳಿದವರು 136ರ ವರ್ಗಮೂಲಕ್ಕೆ ಹೋಗಿ ನಿಲ್ಲುತ್ತಾರೆ. 4 ಎಂದವರು ವರ್ಗ ಮಾಡದೆ ನೇರವಾಗಿ ಕಳೆದಿದ್ದಾರೆ.

ಕೋನಮಾಪಕದ ಪ್ರಶ್ನೆಯಂತೂ ಬಹಳ ಸೊಗಸಾಗಿ ಮಾತಾಡುತ್ತದೆ. ಮಕ್ಕಳ ಕಂಪಾಸ್ ಬಾಕ್ಸಿನಲ್ಲಿರುವ ಅರ್ಧವೃತ್ತದ ಆ ಪಟ್ಟಿಯಲ್ಲಿ ಎರಡು ಸಾಲು ಅಂಕಿಗಳಿವೆ: ಒಂದು ಬಲದಿಂದ ಎಡಕ್ಕೆ, ಇನ್ನೊಂದು ಎಡದಿಂದ ಬಲಕ್ಕೆ. ಅಳೆಯಲು 90 ಡಿಗ್ರಿಯ ಕೋನ ಕೊಟ್ಟರೆ ಯಾವ ಸಾಲು ಓದಿದರೂ ಉತ್ತರ 90, ಪ್ರಶ್ನೆ ವ್ಯರ್ಥ. ಬಲಗಡೆ ಸೊನ್ನೆಯಿಂದ ತೆರೆದುಕೊಳ್ಳುವ 52 ಡಿಗ್ರಿಯ ಕೋನ ಕೊಡಿ. 128 ಎಂದ ಮಗು ತಪ್ಪು ಸಾಲನ್ನು ಓದಿದೆ. ಜೊತೆಗೆ, ಕಣ್ಣೆದುರಿನ ಲಘುಕೋನಕ್ಕೆ 90ಕ್ಕಿಂತ ದೊಡ್ಡ ಅಳತೆ ಬರಲಾರದು ಎಂದು ಅದಕ್ಕೆ ಹೊಳೆದಿಲ್ಲ ಎಂಬುದೂ ತಿಳಿಯಿತು. 68 ಎಂದವರು ಸರಿಯಾದ ಸಾಲಿನಲ್ಲೇ ಇದ್ದಾರೆ, ಆದರೆ ಎಡದಿಂದ ಬಲಕ್ಕೆ ಓದುವ ಅಭ್ಯಾಸದಲ್ಲಿ 60ರ ಗೆರೆಯಿಂದ ಬಲಕ್ಕೆ ಎಂಟು ಗೆರೆ ಎಣಿಸಿ ಕೂಡಿಸಿದ್ದಾರೆ. ಒಂದೇ ಚಿತ್ರ, ಒಂದೇ ಸಂಖ್ಯೆ. ಆದರೂ ಯಾವ ಮಗುವಿನ ಪಕ್ಕ ಕೂತು ಏನು ತೋರಿಸಬೇಕು ಎಂಬುದು ಗೊತ್ತಾಯಿತು.

ಅಳತೆಪಟ್ಟಿಗೂ ಇಂಥದೇ ಪ್ರಸಿದ್ಧ ಪ್ರಶ್ನೆಯಿದೆ. ಅಮೆರಿಕದ ರಾಷ್ಟ್ರೀಯ ಶೈಕ್ಷಣಿಕ ಮೌಲ್ಯಮಾಪನದಲ್ಲಿ 2003ರಲ್ಲಿ ಮುರಿದ ಅಳತೆಪಟ್ಟಿಯ ಚಿತ್ರ ಕೊಟ್ಟಿದ್ದರು. ಅದರ ಮೇಲೆ 8ರ ಗೆರೆಯಿಂದ 10½ರವರೆಗೆ ಒಂದು ಹಲ್ಲುಕಡ್ಡಿ. ಉದ್ದ 2½ ಅಂಗುಲ. 10½ ಎಂದವರು ತುದಿಯನ್ನಷ್ಟೇ ಓದಿದವರು. 3½ ಎಂದವರು ಗೆರೆಗಳ ನಡುವಿನ ಜಾಗ ಬಿಟ್ಟು ಗೆರೆಗಳನ್ನೇ ಎಣಿಸಿದವರು. ವಸ್ತುವನ್ನು ಯಾವಾಗಲೂ ಸೊನ್ನೆಯಿಂದ ಇಟ್ಟೇ ಅಳೆಸುವ ತರಗತಿಯಲ್ಲಿ ಈ ಎರಡೂ ತಪ್ಪುಗಳು ವರ್ಷಗಟ್ಟಲೆ ಹೊರಗೆ ಕಾಣುವುದಿಲ್ಲ.

ಇನ್ನು ಕಷ್ಟದ ಸಂದರ್ಭ, ತಪ್ಪು ಕಾರಣದಿಂದ ಸರಿಯುತ್ತರ ಬರುವುದು. ಎರಡು ಕೋನಗಳ ಚಿತ್ರ ಕೊಟ್ಟು ಯಾವುದು ದೊಡ್ಡದು ಎಂದು ಕೇಳಿದಾಗ, ದೊಡ್ಡ ಕೋನದ ಭುಜಗಳೂ ಉದ್ದವಾಗಿದ್ದರೆ ಏನೂ ತಿಳಿಯುವುದಿಲ್ಲ. ಭುಜ ಉದ್ದವಾದಷ್ಟೂ ಕೋನ ದೊಡ್ಡದು ಎಂದು ನಂಬಿದ ಮಗುವೂ ಸರಿಯಾಗಿಯೇ ಗುರುತು ಹಾಕುತ್ತದೆ. ಮೂರು ಚಿತ್ರ ಕೊಡಬೇಕು: ಉದ್ದ ಭುಜಗಳ 40 ಡಿಗ್ರಿ, ಗಿಡ್ಡ ಭುಜಗಳ 55 ಡಿಗ್ರಿ, ಕೋನದ ಗುರುತಿನ ಕಂಸವನ್ನು ದೊಡ್ಡದಾಗಿ ಬರೆದ ಇನ್ನೊಂದು 40 ಡಿಗ್ರಿ. ಮೊದಲನೆಯದನ್ನು ಆರಿಸಿದವರು ಭುಜ ನೋಡಿದವರು, ಮೂರನೆಯದನ್ನು ಆರಿಸಿದವರು ಕಂಸ ನೋಡಿದವರು.

ಇಷ್ಟಾದರೂ ಊಹೆಯ ಕಾಟ ತಪ್ಪುವುದಿಲ್ಲ. ಅದಕ್ಕೊಂದು ಉಪಾಯ, ಉತ್ತರದ ಜೊತೆ ಕಾರಣವನ್ನೂ ಕೇಳುವ ಎರಡು ಹಂತದ ಪ್ರಶ್ನೆ. ಆಸ್ಟ್ರೇಲಿಯಾದ ಡೇವಿಡ್ ಟ್ರೆಗಸ್ಟ್ 1980ರ ದಶಕದಲ್ಲಿ ವಿಜ್ಞಾನದ ಪಾಠಗಳಿಗಾಗಿ ಇದನ್ನು ಬೆಳೆಸಿದರು. ಗಣಿತಕ್ಕೂ ಅದು ಚೆನ್ನಾಗಿ ಹೊಂದುತ್ತದೆ. ‘ಚೌಕವು ಆಯತವೇ? ಹೌದು / ಅಲ್ಲ.’ ಕೆಳಗೆ ಕಾರಣಗಳು: ಆಯತಕ್ಕೆ ಎರಡು ಉದ್ದ, ಎರಡು ಗಿಡ್ಡ ಬಾಹುಗಳಿರಬೇಕು, ನಾಲ್ಕೂ ಕೋನಗಳು ಲಂಬವಾಗಿರುವ ಚತುರ್ಭುಜವೇ ಆಯತ, ಎರಡಕ್ಕೂ ನಾಲ್ಕು ಬಾಹುಗಳಿವೆ, ಎರಡೂ ನೋಡಲು ಒಂದೇ ಥರ ಇವೆ. ಹೌದು–ಅಲ್ಲ ಮಾತ್ರ ಕೇಳಿದರೆ ಊಹೆಯಿಂದ ಸರಿಯಾಗುವ ಸಾಧ್ಯತೆ ಎರಡರಲ್ಲಿ ಒಂದು. ನಾಲ್ಕು ಕಾರಣಗಳು ಸೇರಿದಾಗ ಎಂಟರಲ್ಲಿ ಒಂದು. ‘ಹೌದು’ ಎಂದು ಹೇಳಿ ‘ಎರಡಕ್ಕೂ ನಾಲ್ಕು ಬಾಹುಗಳಿವೆ’ ಎಂಬ ಕಾರಣ ಆರಿಸಿದ ಮಗುವಿಗೆ ತ್ರಾಪಿಜ್ಯವೂ ಆಯತವಾಗಿಬಿಡಬಹುದು. ಬರೀ ಅಂಕ ನೋಡುವವರಿಗೆ ಈ ಮಗು ಸಿಗುವುದೇ ಇಲ್ಲ.

ತಪ್ಪು ಆಯ್ಕೆಗಳು ಎಲ್ಲಿಂದ ಬರಬೇಕು? ಶಿಕ್ಷಕರ ಮೇಜಿನಿಂದಲ್ಲ, ಮಕ್ಕಳ ಬಾಯಿಂದ. ಕುರ್ಚಿಯಲ್ಲಿ ಕೂತು ಕಲ್ಪಿಸಿದ ತಪ್ಪುಗಳನ್ನು ಮಕ್ಕಳು ಮಾಡುವುದೇ ಇಲ್ಲ. ಅವರು ಮಾಡುವ ತಪ್ಪುಗಳು ದೊಡ್ಡವರಿಗೆ ಹೊಳೆಯುವುದೂ ಇಲ್ಲ. ಲಂಡನ್ನಿನ ಚೆಲ್ಸಿ ಕಾಲೇಜಿನಲ್ಲಿ 1974ರಿಂದ 1979ರವರೆಗೆ ನಡೆದ ಪ್ರೌಢಶಾಲಾ ಗಣಿತ ಪರಿಕಲ್ಪನೆಗಳ ಅಧ್ಯಯನ ಈ ವಿಷಯದಲ್ಲಿ ಇಂದಿಗೂ ಮಾದರಿ. ಕ್ಯಾಥ್ಲೀನ್ ಹಾರ್ಟ್ ಮತ್ತು ಸಂಗಡಿಗರು ಮೊದಲು ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ ಮಾತಾಡಿಸಿದರು. ಅಲ್ಲಿ ಕೇಳಿದ್ದನ್ನು ಆಧರಿಸಿ ಪ್ರಶ್ನೆಗಳನ್ನು ತಿದ್ದಿ, ಆಮೇಲೆ ಸಾವಿರಾರು ಮಕ್ಕಳಿಗೆ ಕೊಟ್ಟರು. ಪ್ರತಿಬಿಂಬದ ಪ್ರಶ್ನೆಗಳಲ್ಲಿ ಡೀಟ್ಮಾರ್ ಕೂಖೆಮಾನ್ ಕಂಡದ್ದು ಕುತೂಹಲಕರ. ಕನ್ನಡಿಗೆರೆ ನೆಟ್ಟಗೆ ಅಥವಾ ಅಡ್ಡಲಾಗಿದ್ದಾಗ ಪ್ರತಿಬಿಂಬ ಸರಿಯಾಗಿ ಬರೆಯುವ ಮಕ್ಕಳು, ಗೆರೆ ಓರೆಯಾದ ಕೂಡಲೇ ಆ ಓರೆಯನ್ನೇ ಮರೆತು ಆಕೃತಿಯನ್ನು ನೇರ ಪಕ್ಕಕ್ಕೋ ಕೆಳಕ್ಕೋ ಸರಿಸಿಬಿಡುತ್ತಾರೆ. ಸಮಮಿತಿಯ ಪಾಠಕ್ಕೆ ಚಿಟ್ಟೆಯ ರೆಕ್ಕೆಯನ್ನೇ ನೆಚ್ಚಿಕೊಂಡ ಪ್ರಶ್ನೆಪತ್ರಿಕೆಗಳು ಈ ತಪ್ಪನ್ನು ಹಿಡಿಯಲಾರವು. ರಂಗೋಲಿಯ ಚುಕ್ಕಿಗಳಂತೆ ಸಾಲಾಗಿ ಚುಕ್ಕಿ ಇಟ್ಟ ಒಂದು ಹಾಳೆ, ಅದರ ಮೇಲೆ ಮೂಲೆಯಿಂದ ಮೂಲೆಗೆ ಒಂದು ಓರೆಗೆರೆ ಕೊಟ್ಟರೆ ಸಾಕು.

ಮಾತಾಡಿಸುವಾಗ ಕೇಳಬಹುದಾದ ಸರಳ ಕೆಲಸವೊಂದನ್ನು ಅಮೆರಿಕದ ವಿಲಿಯಂ ಬರ್ಗರ್ ಮತ್ತು ಮೈಕೆಲ್ ಷಾನೆಸಿ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಳಸಿದ್ದಾರೆ. ಒಂದು ತ್ರಿಭುಜ ಬರೆ. ಅದಕ್ಕಿಂತ ಬೇರೆ ಥರದ ಇನ್ನೊಂದು ಬರೆ. ಇವೆರಡಕ್ಕೂ ಬೇರೆಯಾದದ್ದು ಮತ್ತೊಂದು. ಒಟ್ಟು ಎಷ್ಟು ಬರೆಯಬಹುದು? ‘ಬೇರೆ’ ಎಂದರೆ ದೊಡ್ಡದು ಚಿಕ್ಕದು ಎಂದುಕೊಳ್ಳುವ ಮಗು, ಓರೆ ಮಾಡಿದರೆ ಬೇರೆಯಾಯಿತು ಎನ್ನುವ ಮಗು, ಬಾಹು–ಕೋನಗಳನ್ನು ಬದಲಿಸುವ ಮಗು ಯಾವ ಮಟ್ಟದಲ್ಲಿವೆ ಎಂದು ಐದು ನಿಮಿಷದಲ್ಲಿ ತಿಳಿಯುತ್ತದೆ. ತ್ರಿಭುಜವನ್ನು ಕತ್ತರಿಸಿ ಎರಡು ತ್ರಿಭುಜ ಮಾಡಿ, ಒಂದೊಂದರ ಕೋನಗಳ ಮೊತ್ತ ಎಷ್ಟು ಎಂದು ಕೇಳುವುದೂ ಅಂಥದೇ. ‘ಮೊತ್ತ 180’ ಎಂದು ನಿದ್ದೆಯಲ್ಲೂ ಹೇಳುವ ಮಕ್ಕಳಲ್ಲಿ ಹಲವರು ಇಲ್ಲಿ 90 ಎನ್ನುತ್ತಾರೆ.

ಕರ್ನಾಟಕದ ಮಟ್ಟಿಗೆ ದೊಡ್ಡ ಸವಾಲಿರುವುದು ಎಸ್‌ಎಸ್‌ಎಲ್‌ಸಿ ಪ್ರಮೇಯಗಳಲ್ಲಿ. ಥೇಲ್ಸ್ ಪ್ರಮೇಯವನ್ನು ABC ತ್ರಿಭುಜ, BCಗೆ ಸಮಾಂತರವಾದ DE ಎಂದು ಪುಸ್ತಕದ ಅಕ್ಷರಗಳಲ್ಲಿ ನಿರರ್ಗಳವಾಗಿ ಬರೆಯುವ ಮಗುವಿಗೆ PQR ತ್ರಿಭುಜವನ್ನು ತಲೆಕೆಳಗಾಗಿ ಬರೆದು, PQ ಬಾಹುವಿಗೆ ಸಮಾಂತರವಾದ ರೇಖೆ ಕೊಟ್ಟು ನೋಡಬೇಕು. ಸಾಧನೆ ಅರ್ಥವಾಗಿದೆಯೇ, ಚಿತ್ರಸಮೇತ ಕಂಠಪಾಠವಾಗಿದೆಯೇ ಎಂಬುದು ಅಲ್ಲಿ ತಿಳಿಯುತ್ತದೆ.

ಇದಕ್ಕಿಂತ ಹರಿತವಾದದ್ದು, ತಪ್ಪಿರುವ ಸಾಧನೆಯೊಂದನ್ನು ಕೊಡುವುದು. ABC ತ್ರಿಭುಜದಲ್ಲಿ AB = AC. ಕೋನ B ಮತ್ತು ಕೋನ C ಸಮ ಎಂದು ಸಾಧಿಸಬೇಕು. BCಗೆ ಲಂಬವಾಗಿ AD ಎಳೆಯಲಾಗಿದೆ. ಸಾಧನೆ ಹೀಗೆ ಸಾಗುತ್ತದೆ: D ಬಳಿಯ ಎರಡೂ ಕೋನಗಳು 90 ಡಿಗ್ರಿ, ಕೋನ B ಮತ್ತು ಕೋನ C ಸಮ, AD ಉಭಯ ಸಾಮಾನ್ಯ ಬಾಹು, ಆದ್ದರಿಂದ ಎರಡು ತ್ರಿಭುಜಗಳು ಸರ್ವಸಮ, ಆದ್ದರಿಂದ ಕೋನ B ಮತ್ತು ಕೋನ C ಸಮ. ಇದರಲ್ಲಿ ಒಪ್ಪಲಾಗದ ಹಂತ ಯಾವುದು, ಯಾಕೆ? ‘ಎಲ್ಲವೂ ಸರಿ’ ಎಂದ ವಿದ್ಯಾರ್ಥಿಗೆ ದತ್ತಕ್ಕೂ ಸಾಧನೀಯಕ್ಕೂ ಇರುವ ವ್ಯತ್ಯಾಸವೇ ಮೂಡಿಲ್ಲ. ‘AD ಎಳೆಯುವಂತಿಲ್ಲ’ ಎಂದವರಿಗೆ ರಚನೆ ಯಾಕೆ ಬೇಕೆಂಬುದು ತಿಳಿದಿಲ್ಲ. ಸಾಧಿಸಬೇಕಾದದ್ದನ್ನೇ ನಡುವೆ ಬಳಸಿಕೊಂಡಿದ್ದಾರೆ ಎಂದು ಬೆರಳಿಟ್ಟು ತೋರಿಸಿದ ಮಗು, ಪ್ರಮೇಯವನ್ನು ಹತ್ತು ಸಲ ಬರೆದ ಮಗುವಿಗಿಂತ ಮುಂದಿದೆ.

ಪರೀಕ್ಷೆ ನಡೆಸುವುದರಲ್ಲೂ ಕೆಲವು ಪಥ್ಯಗಳಿವೆ. ವ್ಯಾಪ್ತಿ ಚಿಕ್ಕದಿರಲಿ, ‘ರೇಖಾಗಣಿತ’ ಎಂಬುದು ಒಂದು ನೈದಾನಿಕ ಪರೀಕ್ಷೆಗೆ ತೀರಾ ದೊಡ್ಡ ವಿಷಯ, ‘ತ್ರಿಭುಜ–ಚತುರ್ಭುಜಗಳ ಎತ್ತರ ಮತ್ತು ವಿಸ್ತೀರ್ಣ’ ಸರಿಯಾದ ಗಾತ್ರ. ಒಂದೇ ತಪ್ಪನ್ನು ಹಿಡಿಯಲು ಬೇರೆ ಬೇರೆ ಚಿತ್ರಗಳೊಂದಿಗೆ ಮೂರು ಪ್ರಶ್ನೆಗಳಾದರೂ ಇರಲಿ. ಒಂದು ಕಡೆ ತಪ್ಪಿದ್ದು ಕೈತಪ್ಪಿದ್ದಿರಬಹುದು, ಮೂರೂ ಕಡೆ ಅದೇ ತಪ್ಪಾದರೆ ಅದು ನಂಬಿಕೆ. ಗಡಿಯಾರ ತೋರಿಸಿ ಅವಸರಪಡಿಸಬಾರದು. ಪ್ರಶ್ನೆಯ ಮಾತು ಚಿಕ್ಕದಾಗಿರಲಿ, ಇಲ್ಲದಿದ್ದರೆ ಓದಲು ಕಷ್ಟಪಡುವ ಮಗುವಿನ ತೊಡಕನ್ನು ರೇಖಾಗಣಿತದ ತೊಡಕು ಎಂದು ಭಾವಿಸಿಬಿಡುತ್ತೇವೆ. ಆಯ್ಕೆ ಪರೀಕ್ಷೆಗಳಲ್ಲಿ ಎಲ್ಲರೂ ಸರಿ ಮಾಡಿದ ಪ್ರಶ್ನೆಯನ್ನು ನಿರುಪಯೋಗಿ ಎಂದು ಕೈಬಿಡುತ್ತಾರೆ. ಇಲ್ಲಿ ಅದು ಸಂತೋಷದ ಸುದ್ದಿ. ಒಬ್ಬ ಮಗುವೂ ಆರಿಸದ ತಪ್ಪು ಆಯ್ಕೆಯನ್ನು ಮಾತ್ರ ಮುಂದಿನ ಸಲ ತೆಗೆದುಹಾಕಬೇಕು.

ಕೊನೆಗೆ ಮೊತ್ತ ಕೂಡಿಸಬಾರದು. ಒಂದು ದೊಡ್ಡ ಹಾಳೆಯಲ್ಲಿ ಎಡಗಡೆ ಮಕ್ಕಳ ಹೆಸರು, ಮೇಲೆ ಪ್ರಶ್ನೆಗಳ ಸಂಖ್ಯೆ, ಚೌಕಗಳಲ್ಲಿ ಸರಿ–ತಪ್ಪಿನ ಗುರುತಿನ ಬದಲು ಮಗು ಆರಿಸಿದ ಆಯ್ಕೆಯ ಅಕ್ಷರವನ್ನೇ ಬರೆಯಬೇಕು. ಮೇಲಿನಿಂದ ಕೆಳಕ್ಕೆ ಓದಿದರೆ ತರಗತಿಯ ಕಥೆ ಸಿಗುತ್ತದೆ. ಮೂವತ್ತರಲ್ಲಿ ಹದಿನೆಂಟು ಮಕ್ಕಳು ಪಕ್ಕದ ಬಾಹುವನ್ನೇ ಎತ್ತರ ಎಂದಿದ್ದರೆ ಕುಂದಿರುವುದು ಮಕ್ಕಳಲ್ಲಲ್ಲ, ಪಾಠದಲ್ಲಿ. ಎಡದಿಂದ ಬಲಕ್ಕೆ ಓದಿದರೆ ಒಂದೊಂದು ಮಗುವಿನ ಕಥೆ.

ಅಲ್ಲಿಂದ ಮುಂದಿನ ಪಾಠ ತಾನಾಗಿ ರೂಪುಗೊಳ್ಳುತ್ತದೆ. 40 ಎಂದು ಬರೆದ ಮಕ್ಕಳ ಗುಂಪಿಗೆ 8 ಮತ್ತು 5 ಸೆಂ.ಮೀ. ಉದ್ದದ ಎರಡೆರಡು ಕಡ್ಡಿಗಳನ್ನು ಮೂಲೆಯಲ್ಲಿ ಸಡಿಲವಾಗಿ ಕಟ್ಟಿ ಆಯತ ಮಾಡಿಕೊಡಿ. ನಿಧಾನವಾಗಿ ಓರೆಗೆ ತಳ್ಳಲು ಹೇಳಿ. ಬಾಹುಗಳು ಅವೇ, ಸುತ್ತಳತೆ ಅದೇ 26, ಆದರೆ ಒಳಗಿನ ಜಾಗ ಕಿರಿದಾಗುತ್ತಾ ಹೋಗಿ ಕೊನೆಗೆ ಕಡ್ಡಿಗಳು ಒಂದರ ಮೇಲೊಂದು ಮಲಗುತ್ತವೆ. 8 ಗುಣಿಸು 5 ಆಗಲೂ 40ರಲ್ಲೇ ನಿಂತಿರುತ್ತದೆ. ಸೂತ್ರ ಹೇಳಿಕೊಡುವ ಮೊದಲೇ ಮಕ್ಕಳು ಎತ್ತರವನ್ನು ಹುಡುಕತೊಡಗುತ್ತಾರೆ. 26 ಬರೆದವರಿಗೆ ಈ ಕಡ್ಡಿಯಾಟಕ್ಕಿಂತ ಚೌಕಳಿ ಹಾಳೆ ಮತ್ತು ದಾರ ಮೇಲು: ಅಂಚಿನ ಸುತ್ತ ದಾರ ಸುತ್ತುವುದು ಒಂದು ಕೆಲಸ, ಒಳಗಿನ ಚೌಕ ಎಣಿಸುವುದು ಇನ್ನೊಂದು. ವಾರ ಕಳೆದ ಮೇಲೆ, ಸಂಖ್ಯೆಯನ್ನೂ ಚಿತ್ರವನ್ನೂ ಬದಲಿಸಿದ ಅಂಥದೇ ಪ್ರಶ್ನೆಗಳಿಂದ ಮತ್ತೊಮ್ಮೆ ನೋಡಬೇಕು.

ಇದಕ್ಕೆಲ್ಲ ಸಮಯ ಎಲ್ಲಿದೆ ಎಂದು ಶಿಕ್ಷಕರು ಕೇಳುವುದು ಸಹಜ, ಆ ಕಷ್ಟ ನಿಜವೂ ಹೌದು. ಒಬ್ಬೊಬ್ಬರೇ ಎಲ್ಲ ಅಧ್ಯಾಯಗಳಿಗೂ ಇಂಥ ಪ್ರಶ್ನೆ ಬರೆಯುವುದು ಆಗದ ಮಾತು. ಆದರೆ ಒಂದು ಕ್ಲಸ್ಟರಿನ ಗಣಿತ ಶಿಕ್ಷಕರು ಅಧ್ಯಾಯಕ್ಕೊಬ್ಬರಂತೆ ಹಂಚಿಕೊಂಡು, ತಮ್ಮ ಮಕ್ಕಳು ಕಳೆದ ವರ್ಷ ಬರೆದ ತಪ್ಪು ಉತ್ತರಗಳನ್ನೇ ಆಯ್ಕೆಗಳನ್ನಾಗಿ ಮಾಡಿ ಹತ್ತು ಹತ್ತು ಪ್ರಶ್ನೆ ತಂದರೆ ಒಂದು ಸಮಾಲೋಚನಾ ಸಭೆಯಲ್ಲೇ ಸೇತುಬಂಧಕ್ಕೆ ಬೇಕಾದ ಸಾಮಗ್ರಿ ಸಿದ್ಧವಾಗುತ್ತದೆ. ಹಳೆಯ ಉತ್ತರಪತ್ರಿಕೆಗಳನ್ನು ರದ್ದಿಗೆ ಹಾಕುವ ಮುನ್ನ ಅವುಗಳಲ್ಲಿನ ತಪ್ಪುಗಳನ್ನು ಒಂದು ಪುಸ್ತಕಕ್ಕೆ ಬರೆದಿಟ್ಟುಕೊಳ್ಳಿ. ಇಲಾಖೆಯೂ ತನ್ನ ಸೇತುಬಂಧದ ದಾಖಲೆಗಳಲ್ಲಿ ಮಗು ಪಡೆದ ಅಂಕದ ಪಕ್ಕದಲ್ಲಿ, ಮಗು ಆರಿಸಿದ ತಪ್ಪು ಉತ್ತರ ಯಾವುದು ಎಂದು ಬರೆಯಲು ಒಂದು ಅಂಕಣ ಸೇರಿಸಲಿ.